ಮೂಗಿನ ಸಾಕ್ಷಿ

ಕಾಜಾ ಅಕ್ಕನ ಮೂಗಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಬಟ್ಟೆ ಸೀಯುವ ಮೊದಲೇ ಅವಳು ಒಳಗಿನಿಂದ ಕೂಗುತ್ತಿದ್ದಳು. ಬಟ್ಟೆಯ ಥಾನು ಬಿಚ್ಚಿದ ಕೂಡಲೇ, ಇದು ಗೋದಾಮಿನಲ್ಲಿ ತೇವ ಕುಡಿದ ಮಾಲು ಅಂತ ಹೇಳಿ ವಾಪಸ್ ಕಳಿಸುತ್ತಿದ್ದಳು. ಅವಳ ಗಂಡ ದರ್ಜಿ. ಯೂನಿಫಾರ್ಮ್ ಕೋಟು ಕತ್ತರಿಸುವುದರಲ್ಲಿ ಅವರದು ಪಳಗಿದ ಕೈ; ಎಲ್ಲರ ಬಾಯಲ್ಲೂ ಮಾಸ್ಟರು. ಅವರು ಕತ್ತರಿಸಬೇಕು, ಮಷೀನಿನ ಮುಂದೆ ಕೂತ ಬಾಬಿನ್ ಹೊಲಿಯಬೇಕು, ಕೊನೆಗೆ ಇವಳು ಗುಂಡಿ ತೂರಿಸುವ ಕಾಜಾ ತೆಗೆದು ಗುಂಡಿ ಹಚ್ಚಬೇಕು; ಹೆಸರು ಬಂದದ್ದೇ ಅದರಿಂದ. ಬಾಬಿನ್ ಅಂದರೆ ನಲವತ್ತು ದಾಟಿದ ಒಬ್ಬ ಸಣಕಲು ಮನುಷ್ಯ. ಮಷೀನಿನೊಳಗಿನ ದಾರದ ಉರುಳೆಯ ಹಾಗೆ ಕೂತಲ್ಲೇ ಗಿರಗಿರ ತಿರುಗುವವನು, ಬಾಯಿ ಮುಚ್ಚಿದರೆ ದಾರ ಕಡಿದುಹೋಗುತ್ತದೇನೋ ಎಂಬಂತೆ ಮಾತಾಡುವವನು.

ಮೂಗು ಇಷ್ಟು ಚುರುಕಾದದ್ದು ಹುಟ್ಟಿನಿಂದಲ್ಲ, ಮದುವೆಯಿಂದ. ಹದಿನೆಂಟು ವರ್ಷ ಕುಡುಕನ ಜೊತೆ ಬಾಳಿದ ಹೆಂಗಸಿಗೆ ಕಣ್ಣು ಕಿವಿ ಎರಡೂ ದಂಡ. ಕುಡಿದವನು ನೆಟ್ಟಗೆ ನಡೆಯುವುದನ್ನು ಕಲಿಯುತ್ತಾನೆ, ತಡವರಿಸದೆ ಮಾತಾಡುವುದನ್ನೂ ಕಲಿಯುತ್ತಾನೆ. ಉಸಿರನ್ನು ಮಾತ್ರ ಯಾರೂ ಬದಲಾಯಿಸಲಾರರು. ಮಾಸ್ಟರು ಲವಂಗ ಜಗಿದು ಬಂದರೂ, ಈರುಳ್ಳಿ ಕಚ್ಚಿ ಬಂದರೂ, ಅದರ ಹಿಂದೆ ಅವಿತು ಕೂತಿದ್ದನ್ನು ಅವಳು ಹೊಸ್ತಿಲಲ್ಲೇ ಹಿಡಿದು ಹೊರಗೆಳೆಯುತ್ತಿದ್ದಳು.

ಹದಿನಾಲ್ಕು ತಿಂಗಳ ಹಿಂದೆ ಅವರ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು, ಕಾಲು ಬಾತವು, ಕಣ್ಣು ಹಳದಿಯಾದವು. ಆಸ್ಪತ್ರೆಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಲಿವರ್ ಗಂಟುಗಂಟಾಗಿ ಗಟ್ಟಿಯಾಗಿದೆ. ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ಉಳಿಸ್ಕೋಬೇಕು ಅಂದ್ರೆ ಒಂದು ತೊಟ್ಟೂ ಮುಟ್ಟೋ ಹಾಗಿಲ್ಲ" ಅಂದರು. ಉಪ್ಪು ಕಡಿಮೆ ಮಾಡಿಸಿದರು, ನೀರು ಇಳಿಯುವ ಗುಳಿಗೆ ಕೊಟ್ಟರು, ಹೊಟ್ಟೆ ಕಟ್ಟದಂತೆ ಒಂದು ಸಿರಪ್ ಕೊಟ್ಟರು. ಜ್ವರ ಬಂದರೆ, ರಕ್ತ ವಾಂತಿಯಾದರೆ, ಮಂಕಾದರೆ, ತೊದಲಿದರೆ ತಕ್ಷಣ ಕರೆದುಕೊಂಡು ಬನ್ನಿ ಅಂತಲೂ ಹೇಳಿದರು. ಜ್ವರವನ್ನೂ ರಕ್ತವನ್ನೂ ಅವಳು ಗಟ್ಟಿಯಾಗಿ ನೆನಪಿಟ್ಟುಕೊಂಡಳು. ಉಳಿದೆರಡು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಮಂಕಾಗುವುದು, ತೊದಲುವುದು ಅವಳ ಪಾಲಿಗೆ ರೋಗವಾಗಿರಲಿಲ್ಲ, ಸಂಸಾರವಾಗಿತ್ತು.

ಮಾಸ್ಟರು ಬಿಟ್ಟರು. ಬೀದಿಯವರು ಒಂದು ವಾರ ಅಂದರು, ಆಮೇಲೆ ಒಂದು ತಿಂಗಳು ಅಂದರು, ಆಮೇಲೆ ಅನ್ನುವುದನ್ನೇ ಬಿಟ್ಟರು. ಬಿಟ್ಟ ಮೊದಲ ವಾರದಲ್ಲಿ ಮಾಸ್ಟರೇ ಒಂದು ಕರಾರು ಮಾಡಿದರು. ಅಂಗಡಿಯ ಹಿಂದೆ ಬಟ್ಟೆ ಥಾನುಗಳನ್ನು ಪೇರಿಸಿಡುವ ಒಂದು ಕೋಣೆಯಿತ್ತು. ಎತ್ತರದಲ್ಲೊಂದು ಕಿಂಡಿ ಬಿಟ್ಟರೆ ಕಿಟಕಿಯಿಲ್ಲ. ಅದರ ಬಾಗಿಲಿಗೆ ಹೊರಗಡೆ ತಾವೇ ಒಂದು ಚಿಲಕ ಕೂರಿಸಿ, ಹೆಂಡತಿಯನ್ನು ಕರೆದು ತೋರಿಸಿದರು.

"ನೋಡು, ನಾನು ಮತ್ತೆ ಕುಡಿದು ಬಂದ್ರೆ ಇದರೊಳಗೆ ಹಾಕಿ ಚಿಲಕ ಜಡಿ. ಪೂರ್ತಿ ಇಳಿಯೋವರೆಗೂ ತೆಗೀಬೇಡ. ಬೇಡ್ಕೋತೀನಿ, ಬೈತೀನಿ, ಎದೆ ನೋವು ಅಂತೀನಿ, ಸತ್ತೋಗ್ತೀನಿ ಅಂತೀನಿ. ನನಗೆ ನನ್ನ ನಾಟಕ ಗೊತ್ತು. ಕಿವಿಗೆ ಹಾಕ್ಕೋಬೇಡ."

"ಮಾತು ಕೊಡ್ತೀನಿ" ಅಂದಳು ಅವಳು. "ಆದ್ರೆ ದಿನಾ ಸಂಜೆ ಊದ್ಬೇಕು."

"ಪೊಲೀಸ್‌ನವರ ಹಾಗೆ?"

"ಪೊಲೀಸ್‌ನವರಿಗೆ ಮಿಷನ್ ಬೇಕು. ನನಗೆ ಬೇಡ."

ಅಂದಿನಿಂದ ದಿನಾ ಸಂಜೆ ಅಂಗಡಿಯ ಬಾಗಿಲು ಎಳೆಯುವ ಮುಂಚೆ, "ರೀ, ಊದಿ" ಅಂತ ಅವಳು ಮುಖ ಮುಂದೆ ಚಾಚುವುದು, ಮಾಸ್ಟರು ಮೇಣದಬತ್ತಿ ಆರಿಸುವವರಂತೆ ಗಂಭೀರವಾಗಿ ಊದುವುದು. "ಮರ್ಯಾದೆ ಕೊಟ್ಟು ಮಾನ ತೆಗೆಯೋದು ಅಂದ್ರೆ ಇದೇ ನೋಡಿ" ಅಂತ ಬಾಬಿನ್ ನಗುತ್ತಿದ್ದ. ಹದಿನಾಲ್ಕು ತಿಂಗಳಲ್ಲಿ ಅವಳ ಮೂಗಿಗೆ ಒಂದು ದಿನವೂ ಏನೂ ಸಿಕ್ಕಲಿಲ್ಲ. ಹಾಗಂತ ಅವಳ ಅನುಮಾನ ಸೊರಗಲೂ ಇಲ್ಲ. ಖಾಲಿ ಕೈಯಲ್ಲಿ ಮರಳಿದ ಪ್ರತಿ ದಿನವೂ, ಹಾಗಾದರೆ ನಾಳೆಯೇ ಇರಬೇಕು ಅಂದುಕೊಳ್ಳುತ್ತಿದ್ದಳು.

ಆ ವಾರ ಅರವತ್ತು ಕೋಟಿನ ಆರ್ಡರಿತ್ತು, ಗೀಟಿನ ಬಟ್ಟೆ. ಭಾನುವಾರ ಮಾಸ್ಟರು ಮಧ್ಯಾಹ್ನ ಕತ್ತರಿಸುವ ಮೇಜಿಗೆ ತಲೆಯಿಟ್ಟು ನಿದ್ದೆ ಹೋದರು. ಸೋಮವಾರವೂ ಅದೇ. ಕೇಳಿದ್ದಕ್ಕೆ ಅರ್ಧ ನಿಮಿಷ ತಡೆದು ಉತ್ತರ ಕೊಟ್ಟರು, ಕಾರಣವಿಲ್ಲದೆ ಸಿಡುಕಿದರು, ಹೊಟ್ಟೆಯಲ್ಲಿ ಏನೋ ಸಂಕಟ ಅಂದರು. ಎರಡು ಸಂಜೆಯೂ ಊದಿಸಿದಾಗ ಏನೂ ಸಿಗಲಿಲ್ಲ, ಆದರೂ ಅವಳ ಅನುಮಾನ ಬಲವಾಯಿತು. ಹಳೆಯ ಪಾಠ, ಅದೇ ಪುಟ, ಅವಳಿಗೆ ಕಂಠಪಾಠ.

ಮಂಗಳವಾರ ಬೆಳಿಗ್ಗೆ ಬಾಬಿನ್ ಕತ್ತರಿಸಿಟ್ಟ ತುಂಡುಗಳನ್ನು ಜೋಡಿಸಲು ಹೋಗಿ ಮಷೀನು ನಿಲ್ಲಿಸಿದ. ಗೀಟಿನ ಬಟ್ಟೆಯನ್ನು ಮಡಚದೆ ಒಂದೇ ಪದರದಲ್ಲಿ ಕತ್ತರಿಸಬೇಕು. ಎಡಭಾಗ ಕತ್ತರಿಸಿದ ಮೇಲೆ ಮಾದರಿ ಕಾಗದವನ್ನು ಮಗುಚಿ ಹಾಕಿ ಬಲಭಾಗ ಕತ್ತರಿಸಬೇಕು. ಮಾಸ್ಟರು ಮಗುಚಿರಲಿಲ್ಲ. ಎಂಟು ಕೋಟುಗಳಿಗೆ ಹದಿನಾರು ಎಡಭಾಗಗಳು.

"ಮಾಸ್ಟ್ರೇ, ಈ ಆರ್ಡರ್ ಎಡಚರ ಸಂಘದ್ದಾ?"

ಮಾಸ್ಟರು ಎರಡು ತುಂಡುಗಳನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಸರಿಯಾಗೇ ಇದೆಯಲ್ಲ" ಅಂದರು.

ಬಾಬಿನ್ ನಗು ನಿಲ್ಲಿಸಿದ. ಕಾಲಿಂಚು ತಪ್ಪಿದರೆ ಊಟ ಬಿಡುತ್ತಿದ್ದ ಮನುಷ್ಯ ಇವರು. ಕಾಜಾ ಅಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ನೀಲಿ ದಾರ ಮುಗಿದಿತ್ತು. ತಾನೇ ತರುತ್ತೇನೆ ಅಂತ ಮಾಸ್ಟರು ಎದ್ದು ಹೋದರು. ದಾರದಂಗಡಿ ಐದು ನಿಮಿಷದ ದಾರಿ. ಅದಕ್ಕಿಂತ ಮೂರು ಬಾಗಿಲು ಮುಂಚೆ ಹೆಂಡದಂಗಡಿ.

ಅವರು ಬಂದದ್ದು ಹೋಗಿ ಎರಡು ತಾಸಾದ ಮೇಲೆ. ದಾರವಿಲ್ಲ, ಮೂಗಿನ ಮೇಲೆ ಕನ್ನಡಕವಿಲ್ಲ, ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು. ಬಾಗಿಲಿಗೆ ಭುಜ ತಾಗಿಸಿ ನಿಂತರು. ಚಾಚಿದ ಕೈ ಬೀಸುವ ಗಾಳಿಗೆ ಸಿಕ್ಕಿದ ಎಲೆಯ ಹಾಗೆ ಪಟಪಟ ಅನ್ನುತ್ತಿತ್ತು.

"ಊದಿ" ಅಂದಳು ಅವಳು.

"ಏನು?"

"ಊದಿ ಅಂದೆ."

ಎರಡನೆಯ ಸಲ ಹೇಳಿದ ಮೇಲೆ ಬಾಯಿ ತೆರೆದರು. ಹೆಂಡದ ವಾಸನೆ ಇರಲಿಲ್ಲ. ಬೇರೇನೋ ಇತ್ತು. ಸಿಹಿ, ಆದರೆ ಮುಗ್ಗಿದ ಸಿಹಿ. ಗೋಣಿಯಲ್ಲಿ ಮುಚ್ಚಿಟ್ಟು ಮರೆತ ಹಣ್ಣಿನ ಹಾಗೆ. ಹದಿನೆಂಟು ವರ್ಷದಲ್ಲಿ ಈ ವಾಸನೆ ಅವಳ ಮೂಗಿಗೆ ಒಂದು ಸಲವೂ ಬಡಿದಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಮೂಗು ಅದಲ್ಲ.

"ಹೊಸ ಸರಕು" ಅಂದಳು. "ವಾಸನೆ ಬರದ ಹಾಗೆ ಏನೋ ಬೆರೆಸಿ ಮಾರ್ತಾರೆ ಈಗ."

"ಅಕ್ಕ, ನನಗೇನೂ ಬರ್ತಿಲ್ಲ" ಅಂದ ಬಾಬಿನ್.

"ನಿನ್ನ ಮೂಗು ಇರೋದು ಕನ್ನಡಕ ನಿಲ್ಲಿಸೋಕೆ."

"ಅಲ್ಲ, ಹುಷಾರಿಲ್ವೇನೋ. ಜ್ವರ ಗಿರ..."

ಅವಳು ಅಂಗೈಯನ್ನು ಗಂಡನ ಹಣೆಗಿಟ್ಟಳು. ತಣ್ಣಗಿತ್ತು. ಅಲ್ಲಿಗೆ ಆ ಮಾತೂ ಮುಗಿಯಿತು.

"ಹೊಟ್ಟೆ ನೋಯ್ತಿದೆ ಕಣೇ" ಅಂದರು ಮಾಸ್ಟರು.

"ಕುಡಿದಾಗೆಲ್ಲ ನಿಮಗೆ ಹೊಟ್ಟೆನೇ ನೋಯ್ತಿತ್ತು."

ತೋಳು ಹಿಡಿದು ಕರೆದೊಯ್ದು ಬಟ್ಟೆ ಕೋಣೆಯಲ್ಲಿ ಕೂರಿಸಿದಳು, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟಳು, ಹೊರಗೆ ಬಂದು ಚಿಲಕ ಹಾಕಿದಳು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ಮೊದಲ ಸಲ ಬಾಗಿಲು ಬಡಿದಾಗ ಮಾಸ್ಟರ ದನಿಯಲ್ಲಿ ಕೋಪವಿತ್ತು. "ಏ, ತೆಗೀ ಬಾಗಿಲು." ಎರಡನೆಯ ಸಲ ಅವರು ಕರೆದದ್ದು ಹೆಂಡತಿಯನ್ನಲ್ಲ, ಎಂದೋ ತೀರಿಹೋದ ತಾಯಿಯನ್ನು. ಮೂರನೆಯ ಸಲ ಮಾತೇ ಇರಲಿಲ್ಲ. ಅಂಗೈಯಿಂದ ಬಾಗಿಲ ಕೆಳಭಾಗವನ್ನು ಸವರಿದಂಥ ಸದ್ದು. ಬಾಬಿನ್ ಪೆಡಲಿನ ಮೇಲಿಂದ ಕಾಲು ತೆಗೆದು ಕೂತಿದ್ದ.

"ಅಕ್ಕ, ಒಂದ್ಸಲ ನೋಡಿ."

"ಅವರೇ ಹೇಳಿದ್ದಾರೆ ನೋಡಬೇಡ ಅಂತ. ನಾಟಕ ಹೇಗಿರುತ್ತೆ ಅಂತಾನೂ ಹೇಳಿದ್ದಾರೆ. ನೀನು ಹೊಲಿ."

"ಎಡಕ್ಕೆ ಎಡ ಸೇರಿಸಿ ಏನು ಹೊಲೀಲಿ?"

ಅವಳು ಕಾಜಾ ತೆಗೆಯುತ್ತಲೇ ಇದ್ದಳು. ಆ ಮಧ್ಯಾಹ್ನ ಅವಳ ಕೈ ಎಂದಿಗಿಂತ ಚುರುಕಾಗಿತ್ತು, ಸೂಜಿ ಒಂದು ಸಲವೂ ಬೆರಳಿಗೆ ಚುಚ್ಚಲಿಲ್ಲ. ಸಿಟ್ಟಿತ್ತು, ಅಳುವೂ ಇತ್ತು. ಆದರೆ ಇವೆರಡರ ಕೆಳಗೆ ಇನ್ನೊಂದಿತ್ತು, ಅದನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ: ನಿರಾಳ. ಹದಿನಾಲ್ಕು ತಿಂಗಳು ಕಾದದ್ದು ಕೊನೆಗೂ ಬಂತು, ಇನ್ನು ಕಾಯಬೇಕಾಗಿಲ್ಲ ಎಂಬ ನಿರಾಳ. ತನ್ನ ಲೆಕ್ಕ ತಪ್ಪಲಿಲ್ಲ ಎಂಬ ಸಣ್ಣ ಹೆಮ್ಮೆ ಕೂಡ.

ನಾಲ್ಕು ಗಂಟೆಗೆ ದಾರದಂಗಡಿಯ ಹೆಂಗಸು ಮಾಸ್ಟರ ಕನ್ನಡಕ ಹಿಡಿದುಕೊಂಡು ಬಂದಳು. ಗಿರಾಕಿ ಕಡಿಮೆಯಾದ ಮೇಲೆ ಬಂದೆ ಅಂತ ಹೇಳಿ, ಕನ್ನಡಕವನ್ನು ಮೇಜಿನ ಮೇಲಿಟ್ಟಳು.

"ಅಕ್ಕಾವ್ರೇ, ಮಾಸ್ಟ್ರಿಗೆ ಹುಷಾರಿಲ್ವಾ? ಬೆಳಿಗ್ಗೆ ಅಷ್ಟು ಹೊತ್ತು ನಮ್ಮ ಬೆಂಚಿನ ಮೇಲೆ ಕೂತಿದ್ರು. ಏನು ಬೇಕು ಅಂದ್ರೆ ಗೊತ್ತಿಲ್ಲ ಅಂದ್ರು. ನೀಲಿ ದಾರದ ಉಂಡೆ ತೋರಿಸ್ದೆ. 'ಇದನ್ನ ಏನು ಮಾಡ್ತಾರೆ?' ಅಂತ ನನ್ನನ್ನೇ ಕೇಳಿದ್ರು."

"ಎಷ್ಟು ಹೊತ್ತು ಕೂತಿದ್ರು?"

"ಹೋಗೋವರೆಗೂ ಅಲ್ಲೇ. ಬಂದಿದ್ದು ಒಂಬತ್ತೂವರೆಗೆ, ಎದ್ದಿದ್ದು ಹನ್ನೊಂದು ಇಪ್ಪತ್ತಕ್ಕೆ. ಮೂತ್ರಕ್ಕೂ ಎದ್ದಿಲ್ಲ."

ಕಾಜಾ ಅಕ್ಕ ಮನಸ್ಸಿನಲ್ಲೇ ಕೂಡಿ ಕಳೆದಳು. ಹೋಗುವ ಐದು ನಿಮಿಷ, ಬರುವ ಐದು ನಿಮಿಷ. ಮಧ್ಯೆ ಒಂದು ಗುಟುಕಿಗೂ ಜಾಗವಿರಲಿಲ್ಲ.

ಚಿಲಕವನ್ನು ಬಾಬಿನ್ ತೆಗೆದ. ಮಾಸ್ಟರು ಥಾನುಗಳ ನಡುವೆ ಒರಗಿಕೊಂಡಿದ್ದರು. ಪೈಜಾಮ ಒದ್ದೆಯಾಗಿತ್ತು. ಕಣ್ಣು ತೆರೆದಿದ್ದವು, ಆದರೆ ಅವಳ ಮುಖವನ್ನು ದಾಟಿ ಹಿಂದಿನ ಗೋಡೆಯನ್ನು ನೋಡುತ್ತಿದ್ದವು. ಹೊಟ್ಟೆಯ ಮೇಲೆ ಕೈಯಿಟ್ಟಾಗ ಮುಖ ಕಿವುಚಿದರು. ಬಾಬಿನ್ ಅವರನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಓಡಿದ. ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅದನ್ನು ನೋಡಿ ಅವಳಿಗೆ ಹೆದರಿಕೆ ಹೆಚ್ಚಾಯಿತು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ. ಹೊಟ್ಟೆಯ ಎಡಗಡೆ ಒರೆಸಿ, ಸೂಜಿ ಹಾಕಿ, ನೀರು ಎಳೆದರು. ಹಿಂದಿನ ಸಲ ತೆಗೆದಾಗ ಅದು ತಿಳಿಯಾಗಿ, ಹುಲ್ಲಿನ ಬಣ್ಣಕ್ಕಿತ್ತು. ಈಗ ಅಕ್ಕಿ ತೊಳೆದ ನೀರಿನ ಹಾಗೆ ಕದಡಿತ್ತು. ಅಲ್ಲೇ ಮಂಚದ ಪಕ್ಕದಲ್ಲಿ ಒಂದಿಷ್ಟನ್ನು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ದ್ರವದ ಬಾಟಲಿಗಳಿಗೆ ಚುಚ್ಚಿದರು, ಉಳಿದದ್ದನ್ನು ಪರೀಕ್ಷೆಗೆ ಕಳಿಸಿದರು. ಪರೀಕ್ಷೆಯ ಚೀಟಿ ಬಂದ ಕೂಡಲೇ ಕೈಗೆ ಆಂಟಿಬಯೋಟಿಕ್ ಹನಿ ಹಾಕಿಸಿದರು.

"ಹೊಟ್ಟೆ ನೀರಿಗೆ ಸೋಂಕು ತಗುಲಿದೆ. ಕರುಳಿನಲ್ಲಿರೋ ಬ್ಯಾಕ್ಟೀರಿಯಾ ನೀರಿಗೆ ದಾಟಿದೆ. ಒಳ್ಳೆ ಲಿವರ್ ಇದ್ದಿದ್ರೆ ದಾರಿಯಲ್ಲೇ ಹಿಡೀತಿತ್ತು, ಇವರದ್ದಕ್ಕೆ ಆ ಶಕ್ತಿ ಇಲ್ಲ. ಸೋಂಕಿನಿಂದ ವಿಷ ತಲೆಗೇರಿ ಮಂಕಾಗಿದ್ದಾರೆ."

"ಜ್ವರವೇ ಇರಲಿಲ್ಲವಲ್ಲ ಡಾಕ್ಟ್ರೇ."

"ಇಂಥವರಿಗೆ ಎಷ್ಟೋ ಸಲ ಬರಲ್ಲ. ಮೈ ಬಿಸಿಯಾಗೋಕೂ ತ್ರಾಣ ಬೇಕು."

"ಆ ಉಸಿರು... ಸಿಹಿ ವಾಸನೆ?"

"ಲಿವರ್ ಕೈಬಿಟ್ಟಾಗ ಬರೋ ವಾಸನೆ." ಡಾಕ್ಟರಮ್ಮ ತಲೆಯೆತ್ತಿದರು. "ನಿಮಗೆ ಬಂತಾ? ನಮ್ಮ ಹುಡುಗ ಡಾಕ್ಟರುಗಳಿಗೇ ಗೊತ್ತಾಗಲ್ಲ. ಯಾವಾಗ ಬಂತು?"

ಇದೊಂದು ಪ್ರಶ್ನೆಗೆ ಸುಳ್ಳು ಹೇಳುವುದು ಬಲು ಸುಲಭವಿತ್ತು. ಈಗ ತಾನೇ ಅಂದಿದ್ದರೆ ಮುಗಿಯುತ್ತಿತ್ತು. ಬಾಬಿನ್ ನೆಲ ನೋಡುತ್ತ ನಿಂತಿದ್ದ. ಅವನೇನೂ ಬಾಯಿ ಬಿಡುತ್ತಿರಲಿಲ್ಲ.

"ಹನ್ನೊಂದೂವರೆಗೆ" ಅಂದಳು. "ಕುಡಿದಿದ್ದಾರೆ ಅಂದ್ಕೊಂಡು ಕೋಣೇಲಿ ಹಾಕಿ ಚಿಲಕ ಹಾಕಿದ್ದೆ. ಎರಡು ದಿನದಿಂದ್ಲೇ ಸರಿ ಇರಲಿಲ್ಲ."

ಡಾಕ್ಟರಮ್ಮನ ಪೆನ್ನು ನಿಂತಿತು, ಮತ್ತೆ ಓಡಿತು. "ಕುಡಿದಿಲ್ಲ. ರಕ್ತದಲ್ಲಿ ಒಂದು ಹನಿ ಇಲ್ಲ. ಇಂಥ ಸೋಂಕಿನಲ್ಲಿ ಗಂಟೆಗಂಟೆಗೂ ಬೆಲೆ ಇದೆ. ಉಳೀತಾರೆ ಅಂತ ಈಗ ಹೇಳೋಕಾಗಲ್ಲ, ಕಿಡ್ನಿ ತಡ್ಕೊಂಡ್ರೆ ನೋಡೋಣ."

"ಕುಡಿದಿದ್ದಕ್ಕೂ ಇದಕ್ಕೂ ವ್ಯತ್ಯಾಸ ನಾನು ಹೇಗೆ ಕಂಡುಹಿಡೀಲಿ?"

"ಕಂಡುಹಿಡಿಯೋಕಾಗಲ್ಲ. ಸೂಜಿ ಹಾಕಿ ನೋಡೋವರೆಗೆ ನನಗೂ ಆಗಲ್ಲ. ಕುಡಿದಿದ್ರೂ ಕರ್ಕೊಂಡು ಬನ್ನಿ, ಕುಡೀದಿದ್ರೂ ಕರ್ಕೊಂಡು ಬನ್ನಿ. ತೀರ್ಪು ಮನೇಲಿ ಕೊಡಬೇಡಿ."

ಬುಧವಾರ ಮೂತ್ರದ ಚೀಲದಲ್ಲಿ ಒಂದು ಲೋಟದಷ್ಟೂ ಇಳಿಯಲಿಲ್ಲ. ಕಿಡ್ನಿ ಕೆಡದಿರಲೆಂದು, ರಕ್ತದ ಸಾರದಿಂದ ಮಾಡಿದ ಹಳದಿ ಬಾಟಲಿಯೊಂದನ್ನು ಮಂಗಳವಾರವೇ ಏರಿಸಿದ್ದರು, ಮತ್ತೆ ಏರಿಸುತ್ತೇವೆ ಅಂದರು. ಅವಳು ಚೀಲದ ಗೆರೆಗಳನ್ನು ನೋಡುತ್ತ ಸ್ಟೂಲಿನ ಮೇಲೆ ಕೂತಳು. ಟೇಪಿನ ಅಳತೆಯಲ್ಲಿ ಬದುಕಿದವಳಿಗೆ ಗೆರೆ ಓದುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಗುರುವಾರ ಮಧ್ಯಾಹ್ನ ಗೆರೆ ಮೇಲೇರಿತು, ಸಂಜೆಗೆ ಇನ್ನೊಂದು ಗೆರೆ. ಹೊಟ್ಟೆ ನೀರನ್ನು ಮತ್ತೆ ತೆಗೆದು ನೋಡಿದ ಡಾಕ್ಟರಮ್ಮ, "ಔಷಧಿ ಹಿಡಿದಿದೆ" ಅಂದರು. ಶುಕ್ರವಾರ ಬೆಳಿಗ್ಗೆ ಮಾಸ್ಟರು ಕಣ್ಣು ಬಿಟ್ಟು, ಸುತ್ತ ನೋಡಿ, "ಕೋಟುಗಳು ಮುಗಿದ್ವಾ?" ಅಂತ ಕೇಳಿದರು.

ಅವರಿಗೆ ಏನೂ ನೆನಪಿರಲಿಲ್ಲ. ಭಾನುವಾರ ಮೇಜಿಗೆ ತಲೆಯಿಟ್ಟದ್ದೇ ಕೊನೆ. ಬಾಬಿನ್ ಅವಳನ್ನು ಕಾರಿಡಾರಿಗೆ ಕರೆದ.

"ಅಕ್ಕ, ನೀವು ಹೇಳಬೇಡಿ. ನಾನಂತೂ ಹೇಳಲ್ಲ. ಇರಲಾರದೆ ಇರುವೆ ಯಾಕೆ ಬಿಟ್ಕೋತೀರಾ?"

"ದಾರದಂಗಡಿಯವಳು ಹೇಳಲ್ವಾ?"

"ಅವಳಿಗೇನು ಗೊತ್ತು? ಕನ್ನಡಕ ಕೊಟ್ಟಳು, ಹೋದಳು. ಚಿಲಕ ನೋಡಿದ್ದು ನಾನೂ ನೀವೂ ಇಬ್ಬರೇ. ಡಾಕ್ಟರಮ್ಮ ಅಂತೂ ಅವರಿಗೆ ಹೇಳೋಕೆ ಹೋಗಲ್ಲ."

ಅವಳಿಗೂ ಹಾಗೆಯೇ ಅನ್ನಿಸಿತು. ಇಡೀ ದಿನ ಅನ್ನಿಸಿತು. ಆದರೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು: ಈ ಸೋಂಕು ಒಮ್ಮೆ ಬಂದವರಿಗೆ ಮತ್ತೆ ಬರುವುದು ಹೆಚ್ಚು, ಅದಕ್ಕೇ ದಿನಕ್ಕೊಂದು ಗುಳಿಗೆ ಬಿಡದೆ ನುಂಗಬೇಕು, ನುಂಗಿದರೂ ಕಣ್ಣಿಟ್ಟಿರಬೇಕು. ಮತ್ತೆ ಬಂದ ದಿನ ಮಾಸ್ಟರಿಗೆ ಬುದ್ಧಿ ಇರುವುದಿಲ್ಲ. ಅವರು ಬುದ್ಧಿಯಿದ್ದಾಗ ಹಾಕಿಕೊಟ್ಟ ಕರಾರು ಮಾತ್ರ ಇರುತ್ತದೆ. ಅದನ್ನು ಮುರಿಯಬೇಕಾದರೆ ಅವರ ಬುದ್ಧಿ ನೆಟ್ಟಗಿರುವಾಗಲೇ ಮುರಿಯಬೇಕು. ಯಾಕೆ ಅಂತ ಹೇಳದೆ ಮುರಿಯುವುದು ಹೇಗೆ?

ಸಂಜೆ ಊಟದ ತಟ್ಟೆ ತೆಗೆದ ಮೇಲೆ ಹೇಳಿದಳು. ಅತ್ತು ಕರೆದು ಹೇಳಲಿಲ್ಲ. ಬಂದ ಗಿರಾಕಿಗೆ ಬಟ್ಟೆ ಹಾಳಾದದ್ದನ್ನು ಹೇಳುವ ಹಾಗೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹದಿನಾರು ಎಡಭಾಗ, ದಾರದಂಗಡಿ, ಉಸಿರು, ಚಿಲಕ. ಕೊನೆಗೆ, ಆ ಕರಾರು ಇನ್ನು ಬೇಡ ಅಂದಳು.

"ನಾನು ಬಾಗಿಲು ಬಡಿದ್ನಾ?" ಅಂತ ಕೇಳಿದರು ಮಾಸ್ಟರು.

"ಮೂರು ಸಲ."

"ನಾನೇನಂದೆ?"

"ತೆಗಿ ಅಂದ್ರಿ. ಆಮೇಲೆ ಅತ್ತೇನ ಕರೆದ್ರಿ. ಮೂರನೇ ಸಲ ಏನೂ ಅನ್ನಲಿಲ್ಲ."

"ಆದ್ರೂ ತೆಗೀಲಿಲ್ಲ."

"ತೆಗೀಲಿಲ್ಲ."

ಮಾಸ್ಟರು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚಿ ಬಿಚ್ಚಿ ಮಾಡಿದರು. "ನಾನು ಹೇಳಿದ್ದು ಕುಡಿದ್ರೆ ಅಂತ."

"ಹೌದು."

"ಕುಡಿದಿರಲಿಲ್ಲ."

"ಇರಲಿಲ್ಲ."

"ಹದಿನಾಲ್ಕು ತಿಂಗಳು ಕಣೇ" ಅಂದರು. ಗೋಡೆಯ ಕಡೆ ಹೊರಳಿಕೊಂಡರು. ಅವಳು ನೀರು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ನರ್ಸ್ ಬಂದು ಗುಳಿಗೆ ಕೊಟ್ಟಾಗ ಅದೇ ಲೋಟದಲ್ಲಿ ನುಂಗಿದರು. ತಪ್ಪಾಯಿತು ಅನ್ನುವ ಮಾತು ಅವಳ ನಾಲಿಗೆಯ ಮೇಲಿತ್ತು. ಆದರೆ ಆ ಮಾತನ್ನು ಈ ಮನುಷ್ಯ ಹದಿನೆಂಟು ವರ್ಷ ಅವಳ ಮುಂದೆ ಚಿಲ್ಲರೆ ಕಾಸಿನ ಹಾಗೆ ಚೆಲ್ಲಿದ್ದರು. ಅದಕ್ಕೆ ಎಷ್ಟು ಬೆಲೆ ಅಂತ ಇಬ್ಬರಿಗೂ ಗೊತ್ತಿತ್ತು. ಖಾಲಿ ಲೋಟ ತೊಳೆದು ಇಟ್ಟಳು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಇಬ್ಬರು ವಿದ್ಯಾರ್ಥಿಗಳೊಂದಿಗೆ ಬಂದರು. ಮಾಸ್ಟರನ್ನು ಎಬ್ಬಿಸಿ ಕೂರಿಸಿ, ತಲೆ ತಿಳಿಯಾಗಿದೆಯೋ ಇಲ್ಲವೋ ನೋಡೋಣ ಅಂದರು.

"ಇವತ್ತು ಯಾವ ವಾರ?"

"ಶನಿವಾರ."

"ನೂರರಲ್ಲಿ ಏಳು ಕಳೆದ್ರೆ?"

"ತೊಂಬತ್ತಮೂರು. ಇನ್ನೂ ಕಳೀಬೇಕಾ? ಎಂಬತ್ತಾರು, ಎಪ್ಪತ್ತೊಂಬತ್ತು."

"ಸಾಕು ಸಾಕು. ಇವರು ಯಾರು?"

ಡಾಕ್ಟರಮ್ಮನ ಪೆನ್ನು ಕಾಜಾ ಅಕ್ಕನ ಕಡೆ ತಿರುಗಿತ್ತು. ಮಾಸ್ಟರು ಅವಳನ್ನು ನೋಡಿದರು. ನೋಡುತ್ತಲೇ ಇದ್ದರು. ವಿದ್ಯಾರ್ಥಿಗಳಲ್ಲಿ ಒಬ್ಬಳು ಏನನ್ನೋ ಬರೆದುಕೊಂಡಳು. ಡಾಕ್ಟರಮ್ಮ ಮುಂದಕ್ಕೆ ಬಾಗಿದರು. ಕಾಜಾ ಅಕ್ಕ ಗಂಡನ ಮುಖದಲ್ಲಿ ಉತ್ತರ ಹುಡುಕಿದಳು. ರೋಗ ಮತ್ತೆ ತಲೆಗೇರಿತೋ, ಸಿಟ್ಟು ಇನ್ನೂ ಇಳಿದಿಲ್ಲವೋ? ಹದಿನೆಂಟು ವರ್ಷ ಓದಿದ ಮುಖ, ಒಂದಕ್ಷರವೂ ತಿಳಿಯಲಿಲ್ಲ. ಈ ಸಲ ಅವಳು ತೀರ್ಮಾನ ಮಾಡಲು ಹೋಗಲಿಲ್ಲ. "ಡಾಕ್ಟ್ರೇ, ಇನ್ನೊಂದ್ಸಲ ನೀರು ತೆಗೆದು ನೋಡಿ" ಅಂದುಬಿಟ್ಟಳು.

"ಬೇಡ" ಅಂದರು ಮಾಸ್ಟರು. "ನನ್ನ ಹೆಂಡತಿ. ಗೊತ್ತು. ಹೇಳೋಕೆ ಮನಸ್ಸಿರಲಿಲ್ಲ, ಅಷ್ಟೇ."

ವಿದ್ಯಾರ್ಥಿನಿ ಬರೆದದ್ದನ್ನು ಹೊಡೆದುಹಾಕಿದಳು. ಡಾಕ್ಟರಮ್ಮ ಹಾಳೆಯ ಮೇಲೆ, ಬುದ್ಧಿ ಸರಿಯಾಗಿದೆ ಅಂತ ಬರೆದು, ಗುಳಿಗೆಯ ಹೆಸರನ್ನು ಎರಡು ಸಲ ಓದಿ ಹೇಳಿ, ಪಕ್ಕದ ಮಂಚಕ್ಕೆ ಹೋದರು.